ಮುದ್ದೆ ನುಂಗುವ ಮನೆಯಲ್ಲಿ ಬೈಪಾಸ್ ಆದ ಹೊಟ್ಟೆ: ಮಂಡ್ಯ ಸೀಮೆಯ ಒಂದು ಪ್ರಕರಣ

ಮಂಡ್ಯ ಸೀಮೆಯ ರೈತರು, ಸ್ವಂತ ಆಲೆಮನೆ ಇದೆ. ವಯಸ್ಸು 42, ಎತ್ತರ 170 ಸೆಂಟಿಮೀಟರ್, ತೂಕ 128 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 44. ಏಳು ವರ್ಷದಿಂದ ಶುಗರ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4. ಮೆಟ್‌ಫಾರ್ಮಿನ್ ಜೊತೆಗೆ ದಿನಕ್ಕೆ 40 ಯೂನಿಟ್ ಇನ್ಸುಲಿನ್. ಬಿಪಿಗೆ ಒಂದು ಮಾತ್ರೆ. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಅದಕ್ಕೆ ಸಿಪ್ಯಾಪ್ ಮೆಷಿನ್. ಮಂಡಿ ನೋವು, ಎದೆಯುರಿ ಬೇರೆ.

ನಾನು ಡಯಟಿಷಿಯನ್. ತೂಕ ಇಳಿಸಲು ಮಾಡುವ ಹೊಟ್ಟೆಯ ಆಪರೇಷನ್‌ಗೆ ಮುಂಚಿನಿಂದ ಹಿಡಿದು ಎರಡು ವರ್ಷ ಆಗುವವರೆಗೆ ಇವರ ಊಟದ ವಿಚಾರ ನೋಡಿಕೊಂಡಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಊರಲ್ಲಿ ಎಲ್ಲರೂ ‘ಗೌಡ್ರೇ’ ಅನ್ನುತ್ತಾರೆ, ಇಲ್ಲೂ ಗೌಡರೇ ಇರಲಿ.

ಏಷ್ಯಾದವರಿಗೆ ಬಿಎಂಐ 27.5 ದಾಟಿದರೇ ಈ ಆಪರೇಷನ್ ಬಗ್ಗೆ ಯೋಚಿಸಬಹುದು ಅಂತ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗೌಡರು ಆ ಗೆರೆ ಯಾವತ್ತೋ ದಾಟಿದ್ದರು. ನಮ್ಮಲ್ಲಿ ಈಗ ಜಾಸ್ತಿ ನಡೆಯುವುದು ಸ್ಲೀವ್, ಅಂದರೆ ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುವುದು. ಆದರೆ ಸ್ಲೀವ್ ಆದಮೇಲೆ ಎದೆಯುರಿ ಹೆಚ್ಚಾಗಬಹುದು. ಗೌಡರಿಗೆ ಅದು ಮೊದಲೇ ಇತ್ತು, ಶುಗರ್ ಕೂಡ ಹಳೆಯದು. ಹಾಗಾಗಿ ಸರ್ಜನ್ ಬೈಪಾಸ್ ಆರಿಸಿದರು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಊಟ ಅದರೊಳಗೆ ಹೋಗುವುದಿಲ್ಲ. ಇದರ ಮೂಲ ರೂಪವನ್ನು 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮಾಡಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಸಣ್ಣಗೇ ಉಳಿಯುತ್ತಾರೆ ಅನ್ನೋದನ್ನ ಗಮನಿಸಿದ್ದೇ ಅದಕ್ಕೆ ದಾರಿಯಾಯಿತು.

ಆಪರೇಷನ್ ಸಲೀಸಾಗಿ ಆಯಿತು. ಮನೆಗೆ ಹೋಗುವ ಹೊತ್ತಿಗೆ ಇನ್ಸುಲಿನ್ ನಿಂತಿತ್ತು, ಮೆಟ್‌ಫಾರ್ಮಿನ್ ಮಾತ್ರ ಮುಂದುವರಿಯಿತು. ಬೈಪಾಸ್‌ನಲ್ಲಿ ಇದು ಅಪರೂಪವಲ್ಲ. ತೂಕ ಇಳಿಯುವುದಕ್ಕೂ ಮೊದಲೇ ಶುಗರ್ ಇಳಿಯಲು ಶುರುವಾಗುತ್ತದೆ. ಮೊದಲು ನೀರು, ಸಾರಿನ ತಿಳಿ, ಮಜ್ಜಿಗೆ. ಆಮೇಲೆ ರಾಗಿ ಗಂಜಿ, ನುಣ್ಣಗೆ ಮಸೆದ ಬೇಳೆ, ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಮೊಸರಿನಲ್ಲಿ ಕಲಸಿದ್ದು. ಮೊದಲ ಎರಡು ತಿಂಗಳ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದರು, ತೂಕ 112ಕ್ಕೆ ಬಂತು.

ಎದೆಯಲ್ಲಿ ಸಿಕ್ಕಿದ ಮುದ್ದೆ

ಒಂಬತ್ತನೇ ವಾರ. ‘ಇನ್ನು ಮೆತ್ತಗಿನ ಮನೆ ಊಟ ಶುರು ಮಾಡಬಹುದು’ ಅಂತ ಚೀಟಿಯಲ್ಲಿ ಇತ್ತು. ಮುದ್ದೆಗಿಂತ ಮೆತ್ತಗಿನ ಮನೆ ಊಟ ಮಂಡ್ಯದಲ್ಲಿ ಇನ್ಯಾವುದಿದೆ? ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು, ಮುದ್ದೆ. ಗೌಡರು ಸಣ್ಣ ತುತ್ತೇ ಮುರಿದರು. ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ನುಂಗಿದರು. ಎರಡನೇ ತುತ್ತಿಗೆ ಎದೆ ಹಿಡಿದುಕೊಂಡಿತು. ಬಾಯಲ್ಲಿ ನೀರು ಸುರಿಯತೊಡಗಿತು, ಬೆವರು, ಮಾತು ಹೊರಡದು. ಹಾರ್ಟ್ ಅಟ್ಯಾಕ್ ಅಂತ ಮನೆಯವರೆಲ್ಲ ಕಾರು ಹತ್ತಿಸಿ ಪೇಟೆಗೆ ಓಡಿದರು. ದಾರಿಯಲ್ಲೇ ವಾಂತಿಯಾಗಿ ತುತ್ತು ಹಾಗೆಹಾಗೇ ಹೊರಬಂತು. ಇಸಿಜಿ ಸರಿಯಿತ್ತು.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಮೇಲೆ ಜನ ನಗುತ್ತಾರೆ. ಬೆಂಗಳೂರಿನ ನೆಂಟರು ಮುದ್ದೆ ಅಗಿಯುವುದನ್ನು ನೋಡಿ ನಕ್ಕವರ ಸಾಲಿನಲ್ಲಿ ಗೌಡರೂ ಇದ್ದವರೇ. ಹಳೆಯ ಜಠರಕ್ಕೆ ಇದರಿಂದ ತೊಂದರೆ ಇರಲಿಲ್ಲ. ಅದರ ಕೆಳಭಾಗ ಗಟ್ಟಿ ಸ್ನಾಯುವಿನದು, ಬಂದ ತುತ್ತನ್ನು ಅರೆದು ಕಳಿಸುತ್ತದೆ. ಬೈಪಾಸ್‌ನಲ್ಲಿ ಊಟ ಆ ಭಾಗವನ್ನು ಮುಟ್ಟುವುದೇ ಇಲ್ಲ. ಮೇಲಿನ ಚೀಲಕ್ಕೆ ಅರೆಯುವ ಶಕ್ತಿ ಇಲ್ಲ, ಅದರ ಬಾಯಿ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಅರೆಯುವ ಕೆಲಸವೆಲ್ಲ ಈಗ ಹಲ್ಲಿನದು. ನುಂಗಲೆಂದೇ ಮಾಡಿದ ಊಟ ಅಲ್ಲಿ ಸಿಕ್ಕಿಕೊಳ್ಳದೆ ಇನ್ನೇನು?

ಆಸ್ಪತ್ರೆಯಿಂದ ಕೊಟ್ಟ ಅಚ್ಚಿನ ಚೀಟಿಯಲ್ಲಿ ಬ್ರಾಕೊಲಿ ಸೂಪ್ ಇತ್ತು, ಕಿನೋವಾ ಇತ್ತು. ಮುದ್ದೆಯ ಮಾತೇ ಇರಲಿಲ್ಲ. ‘ಚೆನ್ನಾಗಿ ಅಗಿದು ತಿನ್ನಿ’ ಅಂತ ಇತ್ತು ನಿಜ. ಅದನ್ನು ಓದಿದ ಯಾವ ಮಂಡ್ಯದವರಿಗೂ ಅದು ಮುದ್ದೆಗೆ ಸೇರಿದ ಮಾತು ಅಂತ ಅನ್ನಿಸುವುದಿಲ್ಲ. ಏನು ತಿನ್ನುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಹೇಗೆ ತಿನ್ನುತ್ತೀರಿ, ಯಾರ ಜೊತೆ ಕೂತು ತಿನ್ನುತ್ತೀರಿ, ಮಧ್ಯೆ ಎದ್ದರೆ ಯಾರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನೋದನ್ನ ಯಾರೂ ಕೇಳುವುದಿಲ್ಲ. ಗೌಡರ ಎರಡು ವರ್ಷದ ತೊಡಕುಗಳಲ್ಲಿ ಮುಕ್ಕಾಲು ಪಾಲು ಈ ಪ್ರಶ್ನೆಗಳ ಸುತ್ತಲೇ ಇದ್ದವು ಅನ್ನೋದು ನನ್ನ ಅಭಿಪ್ರಾಯ.

ವಾಂತಿ ಅಲ್ಲಿಗೆ ನಿಲ್ಲಲಿಲ್ಲ. ಅವರು ಇನ್ನೆರಡು ಸಲ ಮುದ್ದೆ ಪ್ರಯತ್ನಿಸಿದರು, ಇನ್ನೊಮ್ಮೆ ಅವಸರದಲ್ಲಿ ಚಪಾತಿ. ಒಂದು ವಾರ ಹೊಟ್ಟೆಯಲ್ಲಿ ಏನೂ ನಿಲ್ಲದೆ ಸುಸ್ತಾದಾಗ ಮನೆಯವರು ಊರಿನ ಕ್ಲಿನಿಕ್ಕಿಗೆ ಕರೆದೊಯ್ದು ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿ’ ಅಂದಿದ್ದಾರೆ. ಅಷ್ಟರಲ್ಲಿ ಅವರ ಹೆಂಡತಿ ನನಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಈ ಆಪರೇಷನ್ ಆದವರು ದಿನಗಟ್ಟಲೆ ವಾಂತಿ ಮಾಡಿಕೊಂಡರೆ ಮೊದಲು ಖಾಲಿಯಾಗುವುದು ಬಿ1, ಅಂದರೆ ಥಯಾಮಿನ್. ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳದ್ದು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇರುವ ಚೂರೂ ಖರ್ಚಾಗಿ ಮೆದುಳಿಗೆ ಏಟು ಬೀಳಬಹುದು: ಕಣ್ಣಿನ ಚಲನೆ ತಪ್ಪುವುದು, ನಡಿಗೆ ತೂರಾಡುವುದು, ಗೊಂದಲ. ಕ್ಲಿನಿಕ್ಕಿನ ಡಾಕ್ಟರು ಫೋನಿನಲ್ಲಿ ಸರ್ಜನ್ ಜೊತೆ ಮಾತಾಡಿದರು. ಮೊದಲು ಥಯಾಮಿನ್ ಇಂಜೆಕ್ಷನ್ ಕೊಟ್ಟು, ಆಮೇಲೆ ಡ್ರಿಪ್ ಹಾಕಿದರು. ಜೋಡಣೆಯ ಜಾಗ ಕಿರಿದಾಗಿದೆಯಾ ಅಂತ ಮರುದಿನ ಎಂಡೋಸ್ಕೋಪಿಯಲ್ಲೂ ನೋಡಿದ್ದಾಯಿತು. ಕಿರಿದಾಗಿರಲಿಲ್ಲ. ತೊಂದರೆ ಇದ್ದದ್ದು ನುಂಗುವುದರಲ್ಲೇ.

ಮುದ್ದೆ ಬಿಡಿ ಅಂದಾಗ ಗೌಡರು ತಲೆಯಾಡಿಸಿದರು. ಅವರಿಗೆ ಕಷ್ಟವಾದದ್ದು ರುಚಿಯದ್ದಲ್ಲ. ಮನೆಮಂದಿ ನಾಲ್ಕು ಜನ ತಟ್ಟೆ ಹಾಕಿಕೊಂಡು ಕೂತಾಗ ತಾವೊಬ್ಬರು ಬಟ್ಟಲು, ಚಮಚ ಹಿಡಿದು ಕೂರುವುದು. ‘ಬಾಣಂತಿ ಥರ ಆಗೋಯ್ತು ಮೇಡಂ’ ಅಂದರು. ಆಮೇಲೆ ಅಡುಗೆಮನೆಯಲ್ಲೇ ನಿಂತು ಒಬ್ಬರೇ ತಿನ್ನತೊಡಗಿದರು.

ಇದಕ್ಕೆ ದಾರಿ ತೋರಿಸಿದ್ದು ಅವರ ಹೆಂಡತಿ. ಬಸ್ಸಾರು ಮಾಡುವಾಗ ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಾರೆ. ಕಟ್ಟಿನಲ್ಲಿ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ. ಅವರು ಕಾಳನ್ನು ಇನ್ನೊಂದು ಸೀಟಿ ಹೆಚ್ಚು ಕೂಗಿಸಿ, ಪಲ್ಯವನ್ನು ಗಂಡನ ತಟ್ಟೆಗೆ ಮೊದಲು ಬಡಿಸಿದರು. ಎಲ್ಲರಿಗೂ ಇರುವಂಥದ್ದೇ ತಟ್ಟೆ, ಎಲ್ಲರ ಜೊತೆಗೇ ಕೂತು, ಕೈಯಲ್ಲೇ. ಬೇರೆಯವರು ಮುದ್ದೆ ಮುಗಿಸುವ ಹೊತ್ತಿಗೆ ಇವರು ಅರ್ಧ ಬಟ್ಟಲು ಪಲ್ಯ ನಿಧಾನವಾಗಿ ಅಗಿದು ಮುಗಿಸುತ್ತಿದ್ದರು. ಲೆಕ್ಕದಲ್ಲೂ ಇದು ಸರಿ. ಇವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ರಾಗಿಯಲ್ಲಿ ಇರುವುದು 7 ಗ್ರಾಂ, ಹುರುಳಿಯಲ್ಲಿ 20ಕ್ಕೂ ಮೇಲೆ. ಜಾಗ ಇಷ್ಟೇ ಇರುವ ಹೊಟ್ಟೆಗೆ ಮೊದಲು ಕಾಳು, ಮೊಟ್ಟೆ, ಮೀನು ಹೋಗಬೇಕು. ರಾಗಿಗೆ ಜಾಗ ಉಳಿದರೆ ತೆಳ್ಳಗಿನ ದೋಸೆಯಾಗಿ.

ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಅನ್ನುವುದು ಇನ್ನೊಂದು ನಿಯಮ. ಇದು ಮಾತ್ರ ಯಾಕೋ ಅವರಿಗೆ ಮೊದಲ ದಿನದಿಂದಲೇ ಸಲೀಸು.

ಆಲೆಮನೆ

ಬೆಲ್ಲ ಮಾಡುವವನಿಗೆ ಸಿಹಿ ಮುಟ್ಟಬೇಡಿ ಅಂತ ಹೇಳುವುದು ಸುಲಭವಲ್ಲ. ನಾಲ್ಕನೇ ತಿಂಗಳಲ್ಲಿ ಆಲೆ ಶುರುವಾಯಿತು. ಗೌಡರು ಅಭ್ಯಾಸದಂತೆ ಗಾಣದ ಹತ್ತಿರ ನಿಂತು ಒಂದು ಲೋಟ ಹಾಲು ಕುಡಿದರು. ಕಬ್ಬಿನ ಹಾಲು, ಬೇರೆ ಊರಿನವರಿಗೆ ಹೇಳುವುದಾದರೆ ಕಬ್ಬಿನ ರಸ. ಕಾಲು ಗಂಟೆಯೊಳಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿದ ಹಾಗೆ, ಆಮೇಲೆ ಭೇದಿ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಒರಗಿದವರು ಒಂದು ಗಂಟೆ ಏಳಲಿಲ್ಲ. ಆಳುಗಳು ಗಾಳಿ ಬಡಿದಿದೆ ಅಂದುಕೊಂಡರಂತೆ.

ಇದು ಡಂಪಿಂಗ್. ಮಾಮೂಲಿ ಜಠರ ಸಿಹಿಯನ್ನು ಸ್ವಲ್ಪಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಇಲ್ಲಿ ತಡೆಯುವ ಬಾಗಿಲೇ ಇಲ್ಲ. ಸಕ್ಕರೆ ಒಟ್ಟಿಗೇ ಕರುಳಿಗೆ ಬಿದ್ದು, ರಕ್ತದಲ್ಲಿನ ನೀರನ್ನು ಕರುಳಿನೊಳಕ್ಕೆ ಎಳೆಯುತ್ತದೆ. ಸಾಮಾನ್ಯವಾಗಿ 10ರಿಂದ 30 ನಿಮಿಷದಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬಗೆ ತಡವಾಗಿ ಬರುವಂಥದ್ದು. ಒಂದರಿಂದ ಮೂರು ಗಂಟೆಯ ಮೇಲೆ, ದೇಹ ಗಾಬರಿಬಿದ್ದು ಇನ್ಸುಲಿನ್ ಜಾಸ್ತಿ ಬಿಟ್ಟು, ಶುಗರ್ ಕುಸಿಯುತ್ತದೆ. ಅದೂ ಗೌಡರಿಗೆ ಬಂತು, ಒಂದು ವರ್ಷ ದಾಟಿದ ಮೇಲೆ. ಯುಗಾದಿಯ ಒಬ್ಬಟ್ಟು ಅರ್ಧ ತಿಂದು ಎರಡು ಗಂಟೆಗೆ ಕೈ ನಡುಗಿ, ಮೀಟರಿನಲ್ಲಿ ನೋಡಿದರೆ 54. ಇಷ್ಟು ವರ್ಷ ಶುಗರ್ ಜಾಸ್ತಿ ಅಂತ ಹೆದರಿದ್ದ ಮನೆಯವರಿಗೆ ಕಮ್ಮಿಯಾಗಿದ್ದನ್ನು ನಂಬಲಿಕ್ಕೇ ಕಷ್ಟ. ಆ ಹೊತ್ತಿಗೆ ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ, ಸರಿಹೋದ ಮೇಲೆ ಒಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಕಾಯಿ. ಭಯಕ್ಕೆ ಮತ್ತೆ ಸಿಹಿ ಮೇಲೆ ಸಿಹಿ ತಿಂದರೆ ಅದೇ ಆಟ ಪುನಃ ಶುರು.

ಆಲೆಮನೆಯ ಕೆಲಸ ಬಿಡಬೇಕಾಗಲಿಲ್ಲ. ಕೊಪ್ಪರಿಗೆಯ ಪಾಕ ಹದಕ್ಕೆ ಬಂತಾ ಅಂತ ನೋಡಲು ನಾಲಿಗೆ ಬೇಡ. ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅದು ಗೌಡರ ಕೈಗೆ ಮೊದಲೇ ಗೊತ್ತಿದ್ದ ಕೆಲಸ. ನೆಂಟರು, ವ್ಯಾಪಾರಿಗಳು ಬಂದಾಗ ರುಚಿ ನೋಡಿ ಕೊಡುವುದನ್ನು ಮಗನಿಗೆ ವಹಿಸಿದರು.

ನನ್ನ ಮಟ್ಟಿಗೆ ಡಂಪಿಂಗ್ ಅವರಿಗೆ ಉಪಕಾರವನ್ನೂ ಮಾಡಿದೆ. ಯಾವ ಡಯಟಿಷಿಯನ್ ಹೇಳಿದರೂ ಬಿಡದಿದ್ದ ಕಬ್ಬಿನ ಹಾಲನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಬಿಟ್ಟರು.

ಹರ್ನಿಯಾ ಎಂಬ ಸುಳ್ಳು

ಗೌಡರು ಊರಲ್ಲಿ ‘ಹರ್ನಿಯಾ ಆಪರೇಷನ್’ ಅಂತ ಹೇಳಿದ್ದರು. ತಿಂದು ದಪ್ಪಗಾಗಿ, ದುಡ್ಡು ಕೊಟ್ಟು ಸಣ್ಣಗಾದ ಅಂತ ಆಡಿಕೊಳ್ಳುತ್ತಾರೆ ಅನ್ನುವ ಭಯ. ಆರು ತಿಂಗಳಲ್ಲಿ 99 ಕೆಜಿಗೆ ಬಂದರು. ಕೆನ್ನೆ ಒಳಗೆ ಹೋಯಿತು, ಅಂಗಿಯ ಕಾಲರ್ ಸಡಿಲವಾಯಿತು. ನಾಲ್ಕನೇ ತಿಂಗಳಿಂದ ತಲೆಗೂದಲೂ ಉದುರುತ್ತಿತ್ತು. ತೂಕ ಬೇಗ ಇಳಿದಾಗ ಹಾಗಾಗುತ್ತದೆ, ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಬಹುತೇಕ ಮತ್ತೆ ಬೆಳೆಯುತ್ತದೆ. ಇದನ್ನೆಲ್ಲ ಹರ್ನಿಯಾ ವಿವರಿಸುವುದಿಲ್ಲವಲ್ಲ. ‘ದೊಡ್ಡ ಕಾಯಿಲೆಯಂತೆ’ ಅನ್ನುವ ಸುದ್ದಿ ಹುಟ್ಟಿತು. ಬೆಲ್ಲಕ್ಕೆ ಮುಂಗಡ ಕೊಡುವ ವ್ಯಾಪಾರಿಯೊಬ್ಬರು ಮಗನ ಹತ್ತಿರ ಗುಟ್ಟಾಗಿ ವಿಚಾರಿಸಿದರು. ಅವರ ತಾಯಿಗಂತೂ ಸಂಕಟ. ‘ಯಾಕ್ಲಾ ಮಗ, ಹಿಂಗ್ ಒಣಗೋಗಿದ್ದೀಯೆ’ ಅಂತ ದಿನವೂ ಕೇಳುವುದು, ಅಮಾವಾಸ್ಯೆಗೆ ದೃಷ್ಟಿ ತೆಗೆಯುವುದು. ಆ ತಾಯಿಯ ಲೆಕ್ಕದಲ್ಲಿ 128 ಕೆಜಿಯ ಮಗನೇ ಆರೋಗ್ಯವಾಗಿದ್ದವನು.

ಬೀಗರ ಊಟದಲ್ಲಿ ಇದು ಮುಗಿಯಿತು. ಪಂಕ್ತಿಯಲ್ಲಿ ಕೂತಮೇಲೆ ಮಧ್ಯೆ ಏಳುವ ಹಾಗಿಲ್ಲ, ಎಲೆಯಲ್ಲಿ ಬಿಟ್ಟರೆ ಬೀಗರಿಗೆ ಅವಮಾನ, ಬಡಿಸುವವನು ಬೇಡ ಅಂದಷ್ಟೂ ಹಾಕುತ್ತಾನೆ. ಗೌಡರು ಎರಡು ತುಂಡು ಮಟನ್ ತಿಂದು ಸಾಕು ಅಂದರು. ಬಲವಂತ ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಕಿವಿಯಲ್ಲಿ ಗೌಡರು ನಿಜ ಹೇಳಿಬಿಟ್ಟರು. ಆ ಹಿರಿಯರು ಗುಟ್ಟು ಇಟ್ಟುಕೊಳ್ಳುವ ಜಾಯಮಾನದವರಲ್ಲ. ಪಂಕ್ತಿಗೇ ಕೇಳುವ ಹಾಗೆ, ‘ಅವುನ್ ಹೊಟ್ಟೆ ಈಗ ಒಂದ್ ಕೋಳಿ ಮೊಟ್ಟೆಯಷ್ಟೇ ಕಣ್ರಪ್ಪ, ಡಾಕ್ಟ್ರು ಕತ್ತರಿಸವ್ರೆ, ಬಿಡ್ರೋ ಅವನ್ನ’ ಅಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಎದುರು ಸಾಲಿನಿಂದ ಒಬ್ಬರು, ‘ಎಷ್ಟಾಯ್ತು ಗೌಡ್ರೇ ಖರ್ಚು? ನಮ್ ಹುಡುಗನ್ಗೂ ಕೇಳ್ಬೇಕಿತ್ತು’ ಅಂದರಂತೆ. ದೊಡ್ಡ ಕಾಯಿಲೆಯ ಸುದ್ದಿ ಅಲ್ಲಿಗೇ ಸತ್ತಿತು.

ಎಲ್ಲರಿಗೂ ಹೇಳಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಬಾಯಿಬಿಡಬಲ್ಲ ಒಬ್ಬ ಹಿರಿಯರಿಗೆ ಹೇಳಿಟ್ಟರೆ ಎಷ್ಟೋ ಹಗುರ. ಈಗ ಇಂಥ ಊಟಕ್ಕೆ ಹೋದರೆ ಗೌಡರು ಸಾಲಿನ ತುದಿಯಲ್ಲಿ ಕೂರುತ್ತಾರೆ. ಮೊಟ್ಟೆ, ಎರಡು ಕೈಮ ಉಂಡೆ ಹಾಕಿಸಿಕೊಳ್ಳುತ್ತಾರೆ. ಕೈಮ ಮೊದಲೇ ಕೊಚ್ಚಿದ್ದರಿಂದ ಸಿಕ್ಕಿಕೊಳ್ಳುವ ಭಯ ಕಡಿಮೆ.

ಕುಡಿತದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಮೊದಲು ಒಂದು ಕ್ವಾರ್ಟರ್ ಕುಡಿದರೂ ಅಲ್ಲಾಡದವರು ಹತ್ತನೇ ತಿಂಗಳಲ್ಲಿ ಒಂದು ಮದುವೆಯಲ್ಲಿ 60 ಮಿಲಿ ಕುಡಿದು ಬೈಕ್ ಹತ್ತಲು ಹೋಗಿ ಬಿದ್ದರು. ಭಾವಮೈದ ಕೀ ಕಿತ್ತುಕೊಂಡರು. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಮಟ್ಟವೂ ಹೆಚ್ಚು ಏರುತ್ತದೆ. ಆಪರೇಷನ್ನಿನ ಎರಡನೇ ವರ್ಷದಲ್ಲಿ ಕುಡಿತದ ಸಮಸ್ಯೆ ಹೆಚ್ಚಾಗುವುದನ್ನು 2012ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಊಟದ ಸುಖ ಕಳೆದುಕೊಂಡವರು ಬೇರೆ ಸುಖ ಹುಡುಕಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗೌಡರು ಆ ಬಿದ್ದ ನಾಚಿಕೆಗೆ ನಿಲ್ಲಿಸಿದರು.

ಮಾತ್ರೆ, ಮಂಡಿ, ಮನೆ

ಬೈಪಾಸ್ ಆದವರಿಗೆ ಮಾತ್ರೆ ಜೀವನಪೂರ್ತಿ. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12. ಗೌಡರು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರು, ಅದರಿಂದಲೂ ಬಿ12 ತಗ್ಗುತ್ತದೆ. ಹಾಗಾಗಿ ತಿಂಗಳಿಗೊಂದು ಇಂಜೆಕ್ಷನ್. ಹೊಟ್ಟೆಯಲ್ಲಿ ಆಮ್ಲ ಕಮ್ಮಿ ಇರುವುದರಿಂದ ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದೇ ಆಗಬೇಕು. ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಒಟ್ಟಿಗೆ ನುಂಗುವ ಹಾಗಿಲ್ಲ, ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಜೊತೆಗೆ ಕಾಫಿ, ಟೀ ಕೂಡದು. ಇಷ್ಟನ್ನು ನೆನಪಿಡುವುದು ಯಾರಿಗೂ ಕಷ್ಟ. ಕಬ್ಬಿಣ ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ, ಕ್ಯಾಲ್ಸಿಯಂ ಊಟಗಳ ಜೊತೆ ಅಂತ ಕಟ್ಟಿಹಾಕಿದ ಮೇಲೆ ಸರಿಹೋಯಿತು.

ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುವುದು ಅವರ ಹಳೇ ರೂಢಿ. ಬೈಪಾಸ್‌ನಲ್ಲಿ ಈ ಜಾತಿಯ ನೋವಿನ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ರಕ್ತ ಸೋರಬಹುದು, ತೂತೂ ಬೀಳಬಹುದು. ಬೀಡಿ, ಸಿಗರೇಟು ಕೂಡ ಹಾಗೇ. ಅವರ ಮೊಬೈಲ್ ಕವರಿನೊಳಗೆ ಒಂದು ಕಾರ್ಡ್ ಇದೆ: ಯಾವ ಆಪರೇಷನ್, ಯಾವ ಮಾತ್ರೆ ಬೇಡ, ನೋವಿಗೆ ಪ್ಯಾರಸಿಟಮಾಲ್ ಮಾತ್ರ, ವಾಂತಿ ನಿಲ್ಲದಿದ್ದರೆ ಮೊದಲು ಥಯಾಮಿನ್. ಕನ್ನಡದಲ್ಲಿ ಒಂದು ಮಗ್ಗುಲು, ಇಂಗ್ಲಿಷಿನಲ್ಲಿ ಒಂದು. ಮೆಡಿಕಲ್ ಶಾಪಿನ ಹುಡುಗ ಎರಡು ಸಲ ಅದನ್ನು ನೋಡಿಯೇ ಮಾತ್ರೆ ಬದಲಿಸಿ ಕೊಟ್ಟಿದ್ದಾನೆ.

ಒಂದು ವರ್ಷಕ್ಕೆ ತೂಕ 86. ಎಚ್‌ಬಿಎ1ಸಿ 6.1. ಬಿಪಿ ಮಾತ್ರೆ ನಿಂತಿತು, ನಿದ್ದೆಯ ಪರೀಕ್ಷೆ ಮತ್ತೆ ಮಾಡಿಸಿ ಸಿಪ್ಯಾಪ್ ಮೆಷಿನ್ನೂ ವಾಪಸ್. ಕಾಗದದ ಮೇಲೆ ಎಲ್ಲ ಚೆಂದ. ಆ ಹೊತ್ತಿಗೇ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಅಡುಗೆ ಮಾಡಿ ಹಾಕುವುದೇ ಆಕೆಯ ಪ್ರೀತಿಯ ಭಾಷೆ. ಈಗ ಮಾಡಿದ್ದು ಮಿಕ್ಕುತ್ತದೆ, ಮಿಕ್ಕಿದ್ದನ್ನು ತಾವೇ ತಿಂದು ಆಕೆಯ ತೂಕ ಏರಿತು. ಗಂಡನಿಗೆ ಹೊಸ ಅಂಗಿ, ಹೊಸ ಓಡಾಟ, ಜೊತೆಗೆ ಹೊಸ ಸಿಡುಕು. ‘ಇವರು ಸಣ್ಣಗಾದ್ರು, ನಾನ್ ಬೇಡವಾದೆ’ ಅಂತ ಒಮ್ಮೆ ನನ್ನ ಮುಂದೆ ಅತ್ತುಬಿಟ್ಟರು. ಇದು ಈ ಮನೆಯದ್ದಷ್ಟೇ ಅಲ್ಲ. ಆಪರೇಷನ್ ಆದಮೇಲೆ ಜೋಡಿಗಳು ಬೇರೆಯಾಗುವುದು ಹೆಚ್ಚು, ಒಂಟಿಯಾಗಿದ್ದವರು ಸಂಗಾತಿ ಕಂಡುಕೊಳ್ಳುವುದೂ ಹೆಚ್ಚು ಅಂತ 2018ರಲ್ಲಿ ಸ್ವೀಡನ್ನಿನ ಅಧ್ಯಯನ ತೋರಿಸಿತು. ಇಬ್ಬರನ್ನೂ ಆಪ್ತಸಮಾಲೋಚಕರ ಹತ್ತಿರ ಕಳಿಸಿದೆವು. ಗೌಡರು ಎರಡೇ ಸಲ ಹೋದರು, ಆಕೆ ಮುಂದುವರಿಸಿದರು. ಈಗ ಸಂಜೆ ಇಬ್ಬರೂ ನಾಲೆ ಏರಿಯ ಮೇಲೆ ನಡೆಯಲು ಹೋಗುತ್ತಾರೆ. ಜಗಳ ನಿಂತಿಲ್ಲ, ಮಾತು ಶುರುವಾಗಿದೆ.

ಹೊಟ್ಟೆಯ ಜೋತುಬಿದ್ದ ಚರ್ಮ ಇನ್ನೊಂದು ಪೀಡೆ. ಕೊಪ್ಪರಿಗೆಯ ಬಿಸಿಗೆ ಮಡಿಕೆಯಲ್ಲಿ ಬೆವರು ನಿಂತು ಫಂಗಸ್. ಒಣಗಿಸಿ ಪುಡಿ ಹಾಕುವುದು, ಹತ್ತಿ ಬಟ್ಟೆ ಕಟ್ಟುವುದು ಸದ್ಯಕ್ಕೆ. ಚರ್ಮ ತೆಗೆಸುವ ಆಪರೇಷನ್ ತೂಕ ಒಂದೇ ಕಡೆ ನಿಂತಮೇಲೆ. ಸದ್ಯ ಅದಕ್ಕೆ ದುಡ್ಡೂ ಇಲ್ಲ, ಮಗಳ ಮದುವೆ ಮುಂದಿದೆ.

ಮದ್ದೂರು ವಡೆ

ಎರಡನೇ ವರ್ಷದ ಕೊನೆಗೆ ತೂಕ 84ರಿಂದ 88ಕ್ಕೆ ಏರಿತು. ಗೌಡರು ಗಾಬರಿಯಾಗಿ ಬಂದರು. ಚೀಲ ಹಿಗ್ಗಿದೆ, ಮತ್ತೆ ಆಪರೇಷನ್ ಬೇಕೇನೋ ಅಂತ. ಒಂದಿಷ್ಟು ವಾಪಸ್ ಬರುವುದು ಮಾಮೂಲಿ. 1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದವರು ಎರಡನೇ ವರ್ಷಕ್ಕೆ ಸರಾಸರಿ 23 ಶೇಕಡಾ ಕಳೆದುಕೊಂಡಿದ್ದರು, ಹತ್ತನೇ ವರ್ಷಕ್ಕೆ ಅದು 17ಕ್ಕೆ ಬಂದಿತ್ತು, ಇಪ್ಪತ್ತನೇ ವರ್ಷಕ್ಕೆ 18. ಗೌಡರು ಈಗಲೂ 31 ಶೇಕಡಾ ಕೆಳಗಿದ್ದಾರೆ. ಆದರೂ ನಾಲ್ಕು ಕೆಜಿ ಎಲ್ಲಿಂದ ಬಂತು ಅನ್ನೋದು ತಿಳಿಯಬೇಕಲ್ಲ.

ಬೆಲ್ಲ ಹಾಕಲು ವಾರಕ್ಕೆ ಮೂರು ದಿನ ಮಾರುಕಟ್ಟೆಗೆ ಹೋಗುತ್ತಾರೆ. ವಾಪಸ್ ಬರುವಾಗ ಒಂದು ಮದ್ದೂರು ವಡೆ. ಉಳಿದ ದಿನ ಆಲೆಮನೆಯಲ್ಲಿ ಖಾರ ಮಿಕ್ಸ್ಚರ್. ಕಾಳಿನ ಪಲ್ಯ, ಮೀನು ಚೀಲದಲ್ಲಿ ಹೊತ್ತು ನಿಂತು ಹೊಟ್ಟೆ ತುಂಬಿಸುತ್ತವೆ. ಗರಿಗರಿ ವಡೆಯನ್ನು ಅಗಿದರೆ ಬಾಯಲ್ಲೇ ಪುಡಿಯಾಗಿ, ಟೀ ಜೊತೆ ಜಾರಿಹೋಗುತ್ತದೆ. ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಮಟನ್ ತುಂಡು ಎರಡಕ್ಕೇ ಸಾಕಾಗುವವರು ವಡೆ ಮಾತ್ರ ಎರಡು ತಿನ್ನಬಲ್ಲರು. ‘ಇದೊಂದೇ ನೋಡಿ ಮೇಡಂ ಸಲೀಸಾಗಿ ಇಳಿಯೋದು’ ಅಂತ ಅವರೇ ಅಂದರು.

ವಡೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಊಟದಲ್ಲಿ ಅವರು ಈಗಾಗಲೇ ಬಿಟ್ಟದ್ದು ಸಾಕಷ್ಟಿದೆ. ಮಾರುಕಟ್ಟೆಗೆ ಹೊರಡುವ ಮುಂಚೆ ಮನೆಯಲ್ಲಿ ಎರಡು ಮೊಟ್ಟೆ, ಟೀ ವಡೆಯ ಜೊತೆಗಲ್ಲ, ಅರ್ಧ ಗಂಟೆ ಬಿಟ್ಟು, ವಡೆ ವಾರಕ್ಕೆ ಒಂದು, ಅದೂ ಹೆಂಡತಿಯ ಜೊತೆ ಹಂಚಿಕೊಂಡು. ಮಿಕ್ಸ್ಚರ್ ಡಬ್ಬಿಯನ್ನು ಆಲೆಮನೆಯಿಂದ ಎತ್ತಿ, ಅದರ ಜಾಗದಲ್ಲಿ ಹುರಿಗಡಲೆ. ಇದಕ್ಕೆ ಅವರು ಒಪ್ಪಿದ್ದಾರೆ, ಹಂಚಿಕೊಳ್ಳುವುದೊಂದನ್ನು ಬಿಟ್ಟು. ಈ ಸಲದ ರಿಪೋರ್ಟಿನಲ್ಲಿ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನಿನ ಲೆಕ್ಕ, ತಗ್ಗಿದೆ, ಕಬ್ಬಿಣದ ಮಾತ್ರೆ ಸಾಲುತ್ತಿಲ್ಲ. ಮುಂದಿನ ವಾರ ಡ್ರಿಪ್‌ನಲ್ಲಿ ಕಬ್ಬಿಣ ಕೊಡುವುದೆಂದು ತೀರ್ಮಾನವಾಗಿದೆ. ಮೂರು ತಿಂಗಳ ನಂತರ ಫೆರಿಟಿನ್, ಬಿ12, ವಿಟಮಿನ್ ಡಿ ಮತ್ತೆ ನೋಡಬೇಕು. ಆ ಹೊತ್ತಿಗೆ ಮಗಳ ಮದುವೆಯೂ ಮುಗಿದಿರುತ್ತದೆ. ಬೀಗರ ಊಟದ ಪಟ್ಟಿಯಲ್ಲಿ ಕೈಮ ಉಂಡೆ ಜಾಸ್ತಿ ಬರೆಸಿದ್ದಾರಂತೆ.